ಶಾಲೆ ಬಿಟ್ಟ ಗೌರಿಗೆ ಪುಸ್ತಕ ಹೊತ್ತ ವರ್ಷಗಳು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹೋದ ತಿಂಗಳು ಮನೆಗೆ ಬಂದಿದ್ದರು. ಹಿಂದೆ ಈ ಕೆಲಸ ಹೇಗಿತ್ತು, ಬರೆದುಕೊಡಿ ಅಂದರು. ನನಗೆ ಯಾವಾಗ ಬಡ್ತಿ ಬಂತು, ಯಾವ ಊರಿಗೆ ವರ್ಗವಾಯಿತು ಅನ್ನುವುದೆಲ್ಲ ಕಚೇರಿಯ ಕಡತದಲ್ಲಿದೆ. ಕಡತದಲ್ಲಿ ಇಲ್ಲದ್ದನ್ನು ಬರೆಯುತ್ತೇನೆ.

ನಾನು ಸೇರಿದಾಗ ಊಟಿಯ ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಹೊರುವ ಸಹಾಯಕ ಅನ್ನುವ ಕೆಲಸವಿತ್ತು. ಹೆಸರಿಗೆ ಸಹಾಯಕ. ತಗಡಿನ ಟ್ರಂಕಿನಲ್ಲಿ ಅರವತ್ತು ಪುಸ್ತಕ ತುಂಬಿಸಿ, ಬಸ್ಸಿನ ಮೇಲೆ ಹಾಕಿಸಿ, ಮಂಜೂರಿನಲ್ಲಿ ಇಳಿಸಿ, ಅಲ್ಲಿಂದ ಹಟ್ಟಿ ಹಟ್ಟಿಗೆ ನಡೆದುಕೊಂಡು ಹೋಗಿ ಹಂಚಬೇಕು. ಹಟ್ಟಿ ಅಂದರೆ ನಮ್ಮ ಬೆಟ್ಟದ ಊರು, ಸಾಲಾಗಿ ಕಟ್ಟಿದ ಇಪ್ಪತ್ತು ಮೂವತ್ತು ಮನೆ. ಕೆಲವು ಕಡೆ ಚಹಾ ಅಂಗಡಿಯ ಬೆಂಚಿನ ಮೇಲೆ, ಕೆಲವು ಕಡೆ ಶಾಲೆಯ ಜಗಲಿಯಲ್ಲಿ ಪುಸ್ತಕ ಹರಡುತ್ತಿದ್ದೆ. ಎರಡು ವಾರ ಬಿಟ್ಟು ಹೋಗಿ ಹಳೆಯದನ್ನು ತೆಗೆದುಕೊಂಡು ಹೊಸದನ್ನು ಕೊಡುತ್ತಿದ್ದೆ. ವಾಪಸು ಬರುವ ಪುಸ್ತಕಕ್ಕೆಲ್ಲ ಒಲೆಯ ಹೊಗೆಯ ವಾಸನೆ ಇರುತ್ತಿತ್ತು. ಮಳೆಗಾಲದಲ್ಲಿ ಬೂಷ್ಟು.

ಕುಂದಾ ಕಡೆ ಅಣೆಕಟ್ಟುಗಳ ಕೆಲಸ ಜೋರಾಗಿ ನಡೆಯುತ್ತಿದ್ದ ಕಾಲ ಅದು. ಒಂದು ಸಲ ಮಂಜೂರಿನ ಆಚೆಯ ಹಟ್ಟಿಯಿಂದ ಬಂದ ರೇಖಾಗಣಿತದ ಪುಸ್ತಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು. ಹೈಸ್ಕೂಲಿನವರು ಓದುವ ತಮಿಳು ಪುಸ್ತಕ. ಮೂರು ಕಡೆ ಅಚ್ಚಾದ ಉತ್ತರವನ್ನು ಹೊಡೆದು ಬೇರೆ ಉತ್ತರ ಬರೆದಿತ್ತು. ಕಾರ್ಡು ಬೋಜ ಗೌಡ ಎಂಬುವವರ ಹೆಸರಿನಲ್ಲಿತ್ತು. ಅಣೆಕಟ್ಟಿನ ಕೆಲಸದಲ್ಲಿ ಪಂಪು ನೋಡಿಕೊಳ್ಳುವವರು. ಪುಸ್ತಕ ಕೆಡಿಸಿದವರ ಕಾರ್ಡು ರದ್ದು ಮಾಡಬೇಕು ಅನ್ನುವುದು ನಿಯಮ. ರದ್ದು ಮಾಡಲು ನಾನೇ ಹೊರಟೆ.

ಮನೆಯ ಮುಂದೆ ಬೋಜ ಗೌಡರ ಹೆಂಡತಿ ಮಾದಮ್ಮ ಆಲೂಗಡ್ಡೆ ಆರಿಸುತ್ತಿದ್ದರು. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ ಸ್ಲೇಟು ಹಿಡಿದು ಕೂತಿದ್ದಳು. ನಾನು ಪುಸ್ತಕ ತೆರೆದು ತೋರಿಸಿ, "ಯಾರು ಇದು ಗೀಚಿದ್ದು?" ಎಂದೆ.

"ನಾನು," ಅಂದಳು ಹುಡುಗಿ. "ತಪ್ಪಿತ್ತು."

ಅವರಾಡಿದ್ದು ಬಡಗ, ನಮ್ಮ ಬೆಟ್ಟದ ಮಾತು. ನಾನು ಕೋತಗಿರಿ ಕಡೆಯ ಲಿಂಗಾಯತರ ಮನೆಯವನು, ಓದಿದ್ದು ಮೈಸೂರಿನಲ್ಲಿ; ಬಡಗವೂ ಕನ್ನಡವೂ ಬರುತ್ತಿತ್ತು. ಓದುವವರಿಗೆ ತೊಡಕಾಗಬಾರದೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಚ್ಚಾದ ಪುಸ್ತಕ ತಪ್ಪಾಗುತ್ತೇನಮ್ಮ?" ಎಂದು ಗದರಿದೆ. ಹುಡುಗಿ ಸ್ಲೇಟಿನ ಮೇಲೆ ತ್ರಿಕೋನ ಬರೆದು ಏನೋ ವಿವರಿಸಲು ಹೊರಟಳು. ನನಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಅನ್ನುವುದನ್ನು ಮುಚ್ಚಿಕೊಳ್ಳಲು ಇನ್ನಷ್ಟು ಗದರಿ, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದೆ.

ನಮ್ಮ ಮೇಲಿನವರು ರಾಘವನ್ ಸಾರ್. ತಂಜಾವೂರಿನವರು, ಗ್ರಂಥಾಲಯಕ್ಕೆ ಬರುವ ಮೊದಲು ಲೆಕ್ಕದ ಮೇಷ್ಟರಾಗಿದ್ದವರು. ನಿಯಮ ಅಂದರೆ ನಿಯಮ. ಅರ್ಧ ನಿಮಿಷ ತಡವಾದರೂ ಹಾಜರಿ ಪುಸ್ತಕ ಮುಚ್ಚುತ್ತಿದ್ದರು. ಅವರ ಮೇಜಿನ ಮೇಲೆ ಪುಸ್ತಕ ಇಟ್ಟು ದೂರು ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಮೂರು ಜಾಗವನ್ನೂ ನೋಡಿದರು. ಕಾಗದ ತೆಗೆದು ತಾವೂ ಲೆಕ್ಕ ಮಾಡಿದರು.

"ಸಿದ್ದಪ್ಪ, ಹುಡುಗಿ ಸರಿ. ಪುಸ್ತಕ ತಪ್ಪು," ಅಂದರು. ಆಮೇಲೆ, "ಆದರೂ ಪುಸ್ತಕದಲ್ಲಿ ಬರೀಬಾರದು. ಬರಿಯೋಕೆ ಅವಳಿಗೆ ಕಾಗದ ಇಲ್ಲ ಅಂತ ಕಾಣುತ್ತೆ," ಎಂದು, ಒಂದು ಬದಿ ಅಚ್ಚಾಗಿ ಬೇಡವಾಗಿದ್ದ ಹಳೆಯ ಫಾರಂಗಳ ಕಟ್ಟೊಂದನ್ನು ಎತ್ತಿಕೊಟ್ಟರು. ಕಾರ್ಡು ರದ್ದಾಗಲಿಲ್ಲ.

ಆ ಕಟ್ಟನ್ನು ಕೊಡಲು ಹೋದಾಗ ಹುಡುಗಿ ಶಾಲೆಗೆ ಯಾಕೆ ಹೋಗುತ್ತಿಲ್ಲ ಎಂದು ಕೇಳಿದೆ. ಹೆಸರು ಗೌರಿ. ಹಟ್ಟಿಯ ಶಾಲೆ ಐದನೇ ತರಗತಿವರೆಗೆ ಮಾತ್ರ. ಅಲ್ಲಿದ್ದ ಎಲ್ಲ ಪುಸ್ತಕವನ್ನೂ ಅವಳು ಏಳನೇ ವಯಸ್ಸಿಗೇ ಮುಗಿಸಿದ್ದಳು. ಮೇಷ್ಟರು ಅವಳನ್ನು ಐದನೆಯವರ ಜೊತೆ ಕೂರಿಸಿದರು. ಅವಳು ದೊಡ್ಡವರ ಉತ್ತರ ತಿದ್ದುತ್ತಿದ್ದಳು. ಅವರು ದಾರಿಯಲ್ಲಿ ಜಡೆ ಎಳೆದು ಕೆಸರಿಗೆ ತಳ್ಳುತ್ತಿದ್ದರು. ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಕೊನೆಗೆ ಬೋಜ ಗೌಡರು ಬಿಡಿಸಿಬಿಟ್ಟರು. ಮುಂದಿನ ಶಾಲೆಗೆ ಹೋಗಬೇಕೆಂದರೆ ಹಾಸ್ಟೆಲಿನಲ್ಲಿರಬೇಕು. ಅಷ್ಟು ಚಿಕ್ಕವಳನ್ನು ಕಳಿಸಲು ಮಾದಮ್ಮ ಒಪ್ಪಲಿಲ್ಲ.

ಶಾಲೆಯ ಮೇಷ್ಟರನ್ನೂ ಕಂಡೆ. ಒಳ್ಳೆಯ ಮನುಷ್ಯ. "ಅವಳಿಗೆ ಕೊಡೋಕೆ ನನ್ನ ಹತ್ತಿರ ಏನೂ ಉಳಿದಿಲ್ಲ ಸಾರ್. ನಿಮ್ಮ ಪೆಟ್ಟಿಗೇಲಿ ಇದ್ದರೆ ಕೊಡಿ," ಅಂದರು.

ಅಲ್ಲಿಂದ ನನ್ನ ಕೆಲಸದ ರೀತಿ ಬದಲಾಯಿತು. ಅದುವರೆಗೆ ಪೆಟ್ಟಿಗೆಗೆ ಏನು ಹೋಗಬೇಕೆಂದು ಊಟಿಯಲ್ಲೇ ತೀರ್ಮಾನವಾಗುತ್ತಿತ್ತು. ಎಲ್ಲ ಹಟ್ಟಿಗೂ ಒಂದೇ ಅರವತ್ತು. ನಾನು ಪ್ರತಿ ಕಡೆ ಒಂದು ಚೀಟಿ ಇಟ್ಟು, ಏನು ಬೇಕೋ ಬರೆಯಿರಿ ಎಂದೆ. ಹೆಚ್ಚಿನವರು ಪತ್ತೇದಾರಿ ಕಾದಂಬರಿ ಕೇಳಿದರು. ಗೌರಿಯ ಚೀಟಿಯಲ್ಲಿ ಮಾತ್ರ ಪ್ರಶ್ನೆಗಳಿರುತ್ತಿದ್ದವು. ಚಂದ್ರ ಎಷ್ಟು ದೂರ ಅಂತ ಅಲ್ಲಿಗೆ ಹೋಗದೆ ಹೇಗೆ ಅಳೆದರು? ನೀರು ಗಟ್ಟಿಯಾದರೆ ಯಾಕೆ ತೇಲುತ್ತೆ? ಅಂಥ ಪ್ರಶ್ನೆಗೆ ಪುಸ್ತಕ ಹುಡುಕುವುದು ನನಗೂ ಹೊಸದು. ರಾಘವನ್ ಸಾರ್ ಮನೆಯಲ್ಲಿದ್ದ ತಮ್ಮ ಹಳೆಯ ಪುಸ್ತಕಗಳನ್ನೂ ಕೊಟ್ಟರು, ಮುದ್ರೆಯೊತ್ತಿ, ನಂಬರು ಹಾಕಿ, ನಿಯಮದ ಪ್ರಕಾರ.

ಇನ್ನು ನನ್ನ ದೊಡ್ಡ ತಪ್ಪು.

ಎರಡು ವರ್ಷ ಕಳೆದಿತ್ತು. ನಮ್ಮ ವಾರ್ಷಿಕೋತ್ಸವಕ್ಕೆ ದೊಡ್ಡ ದೊಡ್ಡವರು ಬರುವವರಿದ್ದರು. ಹಳ್ಳಿಗೆ ಪುಸ್ತಕ ಹೋಗುವುದರಿಂದ ಏನಾಗುತ್ತದೆ ಎಂದು ಅವರು ನೋಡಲಿ ಎಂದು ಗೌರಿಯನ್ನು ವೇದಿಕೆಗೆ ಕರೆಸುವ ಯೋಚನೆ ನನ್ನದೇ. ರಾಘವನ್ ಸಾರ್ ಬೇಡ ಅಂದಿದ್ದರು. "ಮಗು ಪುಸ್ತಕ ಓದುತ್ತೆ, ಸಾಕಲ್ಲ," ಅಂದರು. ನಾನು ಬಿಡಲಿಲ್ಲ. ಅವಳಿಗೆ ಯಾರಾದರೂ ನೆರವು ಕೊಡಬಹುದು ಎಂಬ ಆಸೆ ಇತ್ತು. ನನ್ನ ಹೆಸರೂ ನಾಲ್ಕು ಜನರ ಕಿವಿಗೆ ಬೀಳಲಿ ಎಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮಾದಮ್ಮನೇ ಮಗಳನ್ನು ಬಸ್ಸಿನಲ್ಲಿ ಕರೆತಂದರು. ನಮ್ಮ ಬೆಟ್ಟದ ಹೆಂಗಸರು ಉಡುವ ಬಿಳಿ ಬಟ್ಟೆ, ತಲೆಗೆ ಬಿಳಿ ವಸ್ತ್ರ. ಗೌರಿ ವೇದಿಕೆಯ ಮೇಲೆ ಸ್ಟೂಲಿನ ಪಕ್ಕ ನಿಂತಳು. ಅತಿಥಿಯೊಬ್ಬರು ಗುಣಾಕಾರ ಕೇಳಿದರು. ಹೇಳಿದಳು. ಇನ್ನೂ ದೊಡ್ಡದು ಕೇಳಿದರು. ಅದನ್ನೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಾವೂ ಕೇಳಬೇಕೆಂದು ಎದ್ದರು. ಹತ್ತು ಪ್ರಶ್ನೆಗೆ ಉತ್ತರ ಬಂತು. ಹನ್ನೊಂದನೆಯದು ತೀರ ಸುಲಭದ್ದು. ಗೌರಿ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದರು. ಮಾತಿಲ್ಲ. "ಗಡಿಯಾರದ ಕೀಲಿ ಮುಗೀತು," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಸುತ್ತಿಗೆ ಹಟ್ಟಿಗೆ ಹೋದಾಗ ಮಾದಮ್ಮ ಐದು ಪುಸ್ತಕ ಜೋಡಿಸಿ ಜಗಲಿಯ ಮೇಲೆ ಇಟ್ಟಿದ್ದರು. "ತಗೊಂಡು ಹೋಗಿ ಅಣ್ಣ. ಅವಳು ಬೇಡ ಅಂತಾಳೆ," ಅಂದರು. ಹುಡುಗಿ ಒಳಗಿದ್ದಳು, ಹೊರಗೆ ಬರಲಿಲ್ಲ. ಅದರ ಮುಂದಿನ ಸಲವೂ ಹಾಗೇ. ನಾಲ್ಕು ತಿಂಗಳು ಅವಳು ಒಂದು ಪುಸ್ತಕ ಮುಟ್ಟಲಿಲ್ಲ. ಅವ್ವೆಯ ಜೊತೆ ತೋಟಕ್ಕೆ ಹೋಗಿ ಚಹಾ ಎಲೆ ಕೀಳುತ್ತಿದ್ದಳು. ಹಾದಿಯಲ್ಲಿ ನನ್ನನ್ನು ಕಂಡರೆ ತಲೆ ತಗ್ಗಿಸಿ ಹೋಗುತ್ತಿದ್ದಳು. ರಾಘವನ್ ಸಾರ್ ನಾನು ಹೇಳಿದೆನಲ್ಲ ಎಂದು ಒಂದು ಸಲವೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತು.

ಅದೇ ಸಮಯಕ್ಕೆ ನನ್ನ ಸುತ್ತಾಟಕ್ಕೆ ಇನ್ನೂ ಮೂರು ಹಟ್ಟಿ ಸೇರಿಸಿದರು. ಒಟ್ಟು ಒಂಬತ್ತು. ಬಸ್ಸು ದಿನಕ್ಕೆ ಎರಡೇ. ಹೇಗೆ ಹೋದರೂ ಒಂದೇ ದಾರಿಯನ್ನು ಎರಡೆರಡು ಸಲ ನಡೆಯಬೇಕಾಗುತ್ತಿತ್ತು. ಪೆಟ್ಟಿಗೆ ಹೊತ್ತು ಹೆಗಲು ಊದಿಕೊಂಡಿತ್ತು. ಒಂದು ಮಧ್ಯಾಹ್ನ ಬೋಜ ಗೌಡರ ಜಗಲಿಯಲ್ಲಿ ಕೂತು ಕಾಗದದ ಮೇಲೆ ದಾರಿಗಳನ್ನು ಬರೆದು, ಹೊಡೆದು, ಮತ್ತೆ ಬರೆಯುತ್ತಿದ್ದೆ. ಇದರಲ್ಲಿ ಉಪಾಯವೇನೂ ಇರಲಿಲ್ಲ, ನಿಜವಾಗಿಯೂ ಬಗೆಹರಿದಿರಲಿಲ್ಲ. ಗೌರಿ ಎಲೆಯ ಬುಟ್ಟಿ ಇಳಿಸಿ ನನ್ನ ಹಿಂದೆ ನಿಂತಳು. ಸ್ವಲ್ಪ ಹೊತ್ತು ನೋಡಿದಳು.

"ಪೆಟ್ಟಿಗೇನ ದಿನಾ ಮಂಜೂರಿಗೆ ಯಾಕೆ ವಾಪಸ್ ತರ್ತೀರಿ?"

"ರಾತ್ರಿ ಅಲ್ಲಿಡಬೇಕಲ್ಲ."

"ಎಲ್ಲಿ ಸಂಜೆ ಆಗುತ್ತೋ ಅಲ್ಲೇ ಯಾರದಾದರೂ ಮನೇಲಿ ಇಡಿ. ಒಂದು ಸಲ ಈ ಕಡೆಯಿಂದ ಬನ್ನಿ, ಮುಂದಿನ ಸಲ ಆ ಕಡೆಯಿಂದ." ಪೆನ್ಸಿಲು ತೆಗೆದುಕೊಂಡು ಒಂಬತ್ತು ಚುಕ್ಕೆಗಳ ಮಧ್ಯೆ ಕೈ ಎತ್ತದೆ ಒಂದು ಗೆರೆ ಎಳೆದಳು. ನಾನು ಅದನ್ನು ಎರಡು ಸಲ ನೋಡಿದೆ. ಎಲ್ಲಿಯೂ ದಾರಿ ಮರುಕಳಿಸುತ್ತಿರಲಿಲ್ಲ.

ಅಷ್ಟು ದಿನದ ಮೇಲೆ ಮಾತಾಡಿದ್ದಾಳೆ ಎಂಬ ಧೈರ್ಯದಿಂದ ಕೇಳಿದೆ. "ಅವತ್ತು ವೇದಿಕೆ ಮೇಲೆ ಆ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ವಾ?"

"ಗೊತ್ತಿತ್ತು," ಅಂದಳು. "ಅವ್ವೆ ಬಾಗಿಲ ಹತ್ತಿರ ನಿಂತೇ ಇತ್ತು. ಇಷ್ಟೊಂದು ಕುರ್ಚಿ ಇತ್ತು. ಯಾರೂ ಕೂತ್ಕೊ ಅನ್ನಲಿಲ್ಲ. ನೀವೂ ಅನ್ನಲಿಲ್ಲ."

ಆ ದಿನ ಮಾದಮ್ಮ ಸಭಾಂಗಣದಲ್ಲಿ ಎಲ್ಲಿದ್ದರು ಎಂದು ನಾನು ನೋಡಿಯೇ ಇರಲಿಲ್ಲ.

ಗೌರಿ ಮುಂದುವರಿಸಿದಳು. "ಆಮೇಲೆ, ಅವರಿಗೆ ಉತ್ತರ ಗೊತ್ತಿತ್ತಲ್ಲ. ಗೊತ್ತಿರೋದನ್ನ ನನ್ನ ಯಾಕೆ ಕೇಳಬೇಕು?"

ಮಾದಮ್ಮ ಹುಲ್ಲಿನ ಹೊರೆ ಹೊತ್ತು ಬಂದರು. ಎದ್ದು ನಿಂತು, "ಅಕ್ಕ, ಅವತ್ತು ನಿಮಗೆ ಜಾಗ ಕೊಡಲಿಲ್ಲ. ತಪ್ಪಾಯಿತು," ಎಂದೆ. ಅವರು ಹೊರೆ ಇಳಿಸಿ, ಕೈ ಒರೆಸಿಕೊಂಡು, "ಕಾಪಿ ಕುಡೀತೀರಾ?" ಎಂದರು. ನನಗೆ ಅಷ್ಟು ಸಾಕಾಗಿತ್ತು.

ಎಳೆಯ ಸಹೋದ್ಯೋಗಿಗಳಿಗೆ ನಾನು ಹೇಳಬೇಕಾದದ್ದು ಇದು. ಇಂಥ ಮಗು ಸಿಕ್ಕಿದರೆ ಪರೀಕ್ಷಿಸಬೇಡಿ, ನಾಲ್ಕು ಜನರ ಮುಂದೆ ನಿಲ್ಲಿಸಬೇಡಿ. ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿ. ಮತ್ತು ಅದರ ತಾಯಿ ಎಲ್ಲಿ ಕೂತಿದ್ದಾಳೆ ಎಂದು ಮೊದಲು ನೋಡಿ.

ದಾರಿಯ ನಕ್ಷೆಯನ್ನು ರಾಘವನ್ ಸಾರ್ ಒಪ್ಪಿಕೊಂಡರು. ಯಾರು ಮಾಡಿದ್ದು ಎಂದು ಕೇಳಿದರು. ಹೇಳಿದೆ. "ಅವಳಿಗೆ ಇನ್ನು ಪುಸ್ತಕ ಸಾಲದು ಸಿದ್ದಪ್ಪ. ಎದುರಿಗೆ ಕೂತು ಜಗಳ ಆಡೋರು ಬೇಕು. ಜನ ಹುಡುಕು," ಅಂದರು.

ಜನವನ್ನು ಎಲ್ಲಿ ಹುಡುಕುವುದು? ನನ್ನ ಹತ್ತಿರ ಇದ್ದದ್ದು ಓದುಗರ ರಿಜಿಸ್ಟರ್. ಯಾರು ಯಾವ ಪುಸ್ತಕ ಒಯ್ದರು ಎಂದು ಒಂದೊಂದೇ ಪುಟ ನೋಡುತ್ತ ಹೋದೆ. ಅವಲಾಂಚಿಯ ಅಣೆಕಟ್ಟಿನ ಕ್ಯಾಂಪಿನಲ್ಲಿ ಎಂಜಿನಿಯರೊಬ್ಬರ ಹೆಂಡತಿ, ವಿಶಾಲಾಕ್ಷಮ್ಮ, ಮೈಸೂರಿನವರು. ಕಾದಂಬರಿಗಳ ನಡುವೆ ಎರಡು ಸಲ ಬೀಜಗಣಿತದ ಪುಸ್ತಕ ಒಯ್ದಿದ್ದರು. ಮುಂದಿನ ಸಲ ಹೋದಾಗ ಕೇಳಿದೆ.

"ನಾನು ಲೆಕ್ಕದಲ್ಲಿ ಬಿ.ಎಸ್ಸಿ. ಮಾಡಿದವಳು," ಅಂದರು. "ಮದುವೆ ಆದಮೇಲೆ ಯಾರೂ ಅದನ್ನ ಕೇಳಿರಲಿಲ್ಲ. ಇಲ್ಲಿ ಮಂಜು ನೋಡ್ಕೊಂಡು ಸ್ವೆಟರ್ ಹೆಣೀತಾ ಕೂತಿದೀನಿ. ಹುಡುಗೀನ ಕರ್ಕೊಂಡು ಬನ್ನಿ."

ಶನಿವಾರ ಶನಿವಾರ ಕ್ಯಾಂಪಿನ ಲಾರಿಯಲ್ಲಿ ಬೋಜ ಗೌಡರು ಮಗಳನ್ನು ಕರೆದುಕೊಂಡು ಹೋಗತೊಡಗಿದರು. ವಿಶಾಲಾಕ್ಷಮ್ಮ ಮುದ್ದು ಮಾಡುವವರಲ್ಲ. ಉತ್ತರ ಸರಿಯಿದ್ದರೂ ಹಂತ ಬಿಟ್ಟಿದ್ದರೆ ಹಾಳೆ ಹರಿದುಹಾಕುತ್ತಿದ್ದರು. ಮೊದಲ ವಾರ ಗೌರಿ ಅತ್ತಳಂತೆ. ಎರಡನೆಯ ವಾರ ವಾದ ಮಾಡಿದಳಂತೆ. ಮೂರನೆಯ ವಾರ ಇಬ್ಬರೂ ಊಟ ಮರೆತು ಕೂತಿದ್ದರು ಎಂದು ಬೋಜ ಗೌಡರು ಹೇಳಿದರು. ಒಬ್ಬರ ಬಡಗ, ಒಬ್ಬರ ಮೈಸೂರು ಕನ್ನಡ. ಒಂದು ತಿಂಗಳಲ್ಲಿ ಮಾತು ಹಿಡಿದುಹೋಯಿತು. ಇಂಗ್ಲಿಷನ್ನೂ ಅವರೇ ಕಲಿಸಿದರು. ಹೀಗೆ ಮೂರು ವರ್ಷ.

ಆಮೇಲೆ ಎಸ್‌ಎಸ್‌ಎಲ್‌ಸಿ ಪ್ರಶ್ನೆ ಬಂತು. ಶಾಲೆಗೆ ಹೋಗದವರು ಖಾಸಗಿಯಾಗಿ ಕೂರಬಹುದಿತ್ತು. ಆದರೆ ಇಷ್ಟು ವಯಸ್ಸು ತುಂಬಿರಬೇಕು ಎಂಬ ನಿಯಮವಿತ್ತು. ಗೌರಿಗೆ ಹತ್ತು ತಿಂಗಳು ಕಡಿಮೆ. ಅದೇ ಹೊತ್ತಿಗೆ ವಿಶಾಲಾಕ್ಷಮ್ಮನ ಯಜಮಾನರಿಗೆ ವರ್ಗವಾಗುವ ಸುದ್ದಿ. ಈ ವರ್ಷ ಕೂರದಿದ್ದರೆ ಕಲಿಸುವವರು ಇರುವುದಿಲ್ಲ.

ಬೋಜ ಗೌಡರು ನನ್ನನ್ನು ಪಕ್ಕಕ್ಕೆ ಕರೆದರು. "ಸಿದ್ದಣ್ಣ, ಮನೇಲಿ ಹುಟ್ಟಿದ ಮಗು. ಯಾವ ಕಾಗದ ಇದೆ? ಒಂದು ವರ್ಷ ಹಿಂದೆ ಹಾಕಿ ಬರೆದುಕೊಡಿಸಿದರೆ ಯಾರು ಕೇಳ್ತಾರೆ?"

ಆ ಕಾಲದಲ್ಲಿ ಹಾಗೆ ಬರೆಸುವುದು ಎಲ್ಲ ಕಡೆ ನಡೆಯುತ್ತಿತ್ತು. ನಾನು ಬೇಡ ಅನ್ನಲಿಲ್ಲ. ಅರ್ಜಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ, ಜನ್ಮ ದಿನಾಂಕದ ಜಾಗ ಖಾಲಿ ಇತ್ತು. ಅಡುಗೆಮನೆಯಿಂದ ಮಾದಮ್ಮ ಕೇಳಿಸಿಕೊಂಡಿದ್ದರು. ಹೊರಗೆ ಬಂದು ಹೊಸ್ತಿಲ ಮೇಲೆ ಕೂತರು.

"ಅವಳು ಹುಟ್ಟಿದ ದಿನ ನನಗೆ ಗೊತ್ತು," ಅಂದರು. "ಹೆತ್ತವಳು ನಾನು. ಅದನ್ನ ಯಾಕೆ ಬದಲಾಯಿಸಬೇಕು?"

"ಒಂದು ವರ್ಷ ಹಾಳಾಗುತ್ತೆ ಕಣೆ," ಎಂದರು ಬೋಜ ಗೌಡರು.

"ಮನೇಲಿ ಒಂದು ವರ್ಷ ಇದ್ದರೆ ಹಾಳು ಹೇಗಾಗುತ್ತೆ? ಐದು ವರ್ಷದಿಂದ ಮನೇಲೇ ಇದ್ದು ಓದಲಿಲ್ವಾ? ನಾಳೆ ಯಾರೋ ಬಂದು ಕಾಗದ ಸುಳ್ಳು ಅಂದರೆ, ಓದಿದ್ದೂ ಸುಳ್ಳು ಅಂತಾರೆ."

ಗೌರಿ ಕಂಬಕ್ಕೆ ಒರಗಿ ನಿಂತಿದ್ದಳು. ಅವಳಿಗೆ ಈ ವರ್ಷವೇ ಕೂರುವ ಆಸೆಯಿತ್ತು. ನಾನು ಅವಳನ್ನೇ ಕೇಳಿದೆ.

"ಅವ್ವೆ ಹೇಳಿದ ಹಾಗೆ," ಅಂದಳು. ಹೇಳಿ ಹಿತ್ತಿಲಿಗೆ ಹೋದಳು. ಅರ್ಜಿಯನ್ನು ಮಡಿಚಿ ಮತ್ತೆ ಜೇಬಿಗಿಟ್ಟೆ.

ವಿಶಾಲಾಕ್ಷಮ್ಮ ಹೋದರು. ಆದರೆ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ಲೆಕ್ಕಗಳು ಬರುತ್ತಿದ್ದವು, ಗ್ರಂಥಾಲಯದ ವಿಳಾಸಕ್ಕೆ. ನಾನು ಪೆಟ್ಟಿಗೆಯ ಜೊತೆ ಒಯ್ಯುತ್ತಿದ್ದೆ, ಉತ್ತರ ತಂದು ಅಂಚೆಗೆ ಹಾಕುತ್ತಿದ್ದೆ. ವಿಜ್ಞಾನಕ್ಕೆ ಅಣೆಕಟ್ಟಿನ ಪ್ರಯೋಗಶಾಲೆಯ ಒಬ್ಬರು ಸಿಕ್ಕರು; ಸಿಮೆಂಟು ಪರೀಕ್ಷಿಸುವವರು, ತಕ್ಕಡಿ ಹಿಡಿಯುವುದು, ಗಾಜಿನ ಕೊಳವೆ ಕಾಯಿಸುವುದು ತೋರಿಸಿಕೊಟ್ಟರು. ಅವರೂ ರಿಜಿಸ್ಟರಿನಲ್ಲೇ ಸಿಕ್ಕವರು.

ಮುಂದಿನ ವರ್ಷದ ಪರೀಕ್ಷೆಗೆ ಸರಿಯಾದ ದಿನಾಂಕ ಬರೆದು ಅರ್ಜಿ ಹಾಕಿದೆವು. ಕೇಂದ್ರ ಊಟಿಯಲ್ಲಿ. ತಾಯಿ ಮಗಳು ಅಷ್ಟೂ ದಿನ ನಮ್ಮ ಮನೆಯಲ್ಲಿದ್ದರು. ಲೆಕ್ಕದ ದಿನ ಗೌರಿ ನಗುತ್ತ ಬಂದಳು. ತಮಿಳಿನ ದಿನ ಬಿಳಿಚಿಕೊಂಡು ಬಂದಳು. ಹಳೆಯ ಪದ್ಯಗಳಿಗೆ ಅರ್ಥ ಬರೆಯಲು ಆಗಿರಲಿಲ್ಲ. ಆಗ ನನಗೆ ಹೊಳೆಯಿತು. ಆರು ವರ್ಷ ಅವಳು ಕೇಳಿದ್ದನ್ನೆಲ್ಲ ತಂದುಕೊಟ್ಟಿದ್ದೆ. ಕೇಳದೆ ಬಿಟ್ಟದ್ದು ಯಾವುದು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ತೇರ್ಗಡೆಯಾದಳು. ಲೆಕ್ಕದಲ್ಲಿ ಪೂರ್ತಿ, ತಮಿಳಿನಲ್ಲಿ ಕೂದಲೆಳೆಯಷ್ಟರಲ್ಲಿ. ರಾಘವನ್ ಸಾರ್ ಅಂಕಪಟ್ಟಿ ನೋಡಿ, "ತಮಿಳು ನಾನು ಕಲಿಸಬೇಕಿತ್ತು," ಎಂದರು. ತಾವೇ ಕೊಯಮತ್ತೂರಿನ ಕಾಲೇಜಿಗೆ ಪತ್ರ ಬರೆದರು. ಸೀಟು ಸಿಕ್ಕಿತು, ಹಾಸ್ಟೆಲೂ ಸಿಕ್ಕಿತು. ಈಗ ಅವಳು ಹದಿನಾರರ ಹತ್ತಿರದವಳು, ಒಬ್ಬಳೇ ಇರಬಲ್ಲಳು. ಮುಂದೆ ಅವಳು ಲೆಕ್ಕದಲ್ಲೇ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳಿದಳು. ಅವಳ ನಂತರ ಗೂಡಲೂರು ಕಡೆ, ಮಸಿನಗುಡಿ ಕಡೆ ಅಂಥ ಇನ್ನೂ ಕೆಲವು ಮಕ್ಕಳು ನನಗೆ ಸಿಕ್ಕರು. ಎಲ್ಲರಿಗೂ ಜನ ಹುಡುಕಿಕೊಡಲಾಗಲಿಲ್ಲ. ಇಬ್ಬರಿಗೆ ನಾನು ತಲುಪುವಷ್ಟರಲ್ಲಿ ತಡವಾಗಿತ್ತು.

ಗೌರಿ ಕಾಲೇಜಿಗೆ ಹೋದ ವಾರ ಎಂದಿನಂತೆ ಹಟ್ಟಿಗೆ ಹೋದೆ. ಆ ಮನೆಗೆ ಇನ್ನು ಪುಸ್ತಕ ಬೇಕಾಗಿಲ್ಲ ಎಂದುಕೊಂಡು ಚಹಾ ಅಂಗಡಿಯಲ್ಲೇ ಪೆಟ್ಟಿಗೆ ತೆರೆದೆ. ಮಾದಮ್ಮ ತೋಟದಿಂದ ನೇರ ಅಲ್ಲಿಗೇ ಬಂದರು.

"ನನಗೊಂದು ಕೊಡಿ ಅಣ್ಣ."

"ಯಾರಿಗೆ ಅಕ್ಕ?"

"ನನಗೇ. ಇಷ್ಟು ವರ್ಷ ಒಲೆ ಮುಂದೆ ಕೂತು ಅವಳು ಓದಿದ್ದು ಕೇಳಿದ್ದೀನಿ. ಅಕ್ಷರ ತೋರಿಸಿಕೊಟ್ಟಿದ್ದಾಳೆ. ಕೂಡಿಸಿ ಕೂಡಿಸಿ ಓದ್ತೀನಿ. ದಪ್ಪ ಅಕ್ಷರದ್ದು ಇರಲಿ."

ಕೂರಲು ಬೆಂಚು ಕೊಟ್ಟು ಅವರ ಹೆಸರಿನಲ್ಲಿ ಹೊಸ ಕಾರ್ಡು ಬರೆಯಲು ಕೂತೆ. ಹೆಸರು, ಹಟ್ಟಿ, ಆಮೇಲೆ ಉದ್ಯೋಗ. ಮನೆಯಲ್ಲಿರುವ ಹೆಂಗಸರಿಗೆ ಆ ಜಾಗದಲ್ಲಿ ನಾವು ಒಂದು ಅಡ್ಡಗೆರೆ ಎಳೆಯುತ್ತಿದ್ದೆವು. ನನ್ನ ಪೆನ್ನು ಅಲ್ಲಿ ನಿಂತಿತು.

"ಇಲ್ಲಿ ಏನು ಬರೀಲಿ ಅಕ್ಕ? ಏನು ಕೆಲಸ ಅಂತ ಕೇಳ್ತಾರೆ."

ಮಾದಮ್ಮ ಬೆರಳು ಮಡಿಚಿ ಎಣಿಸಿದರು. "ತೋಟ ಇದೆ. ಎರಡು ಹಸು ಇದೆ. ಮಗಳನ್ನ ಮನೇಲಿ ಓದಿಸಿದೀನಿ. ಯಾವುದು ಬೇಕೋ ಬರ್ಕೊಳ್ಳಿ."

ಜಾಗ ಚಿಕ್ಕದಿತ್ತು. ಮೂರನ್ನೂ ಬರೆದೆ. ಕೊನೆಯದು ಪಕ್ಕದ ಕಾಲಮ್ಮಿಗೆ ದಾಟಿತು. ರಾಘವನ್ ಸಾರ್ ಅದನ್ನು ಪೂರ್ತಿ ಓದಿ ಸಹಿ ಹಾಕಿದರು.